ಮಿಷನ್ ಅಕ್ಕಿಯ ಅನ್ನ

ನನ್ನ ಕೈ ಚಿಕ್ಕದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಕಿತಾಪತಿಗೆಲ್ಲ ನಾನು ನನಗೇ ಕೊಟ್ಟುಕೊಂಡ ಮೊದಲ ಸಮಜಾಯಿಷಿ ಅದೇ ಆಗಿತ್ತು. ಮದುವೆಯ ಹೊತ್ತಿನಲ್ಲೂ ಬಳೆಗಾರ ನನಗೆ ಶಾಲೆಗೆ ಹೋಗುವ ಹುಡುಗಿಯರ ಅಳತೆಯ ಬಳೆಯನ್ನೇ ತೊಡಿಸಿದ್ದ. ನಮ್ಮ ಅತ್ತೆಯದು ಹಾಗಲ್ಲ. ಅವರು ಒಂದು ಹಿಡಿ ಅಕ್ಕಿ ತೆಗೆದರೆ ಒಬ್ಬ ಆಳಿನ ಊಟ ಮುಗಿಯುತ್ತಿತ್ತು. ಅಂಥವರ ಅಡುಗೆಮನೆಗೆ ಇಂಥ ಕೈಯವಳು ಸೊಸೆಯಾಗಿ ಬಂದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆರ್.ಟಿ. ನಗರದಲ್ಲಿ ಆಗಿನ್ನೂ ಕಟ್ಟಿದ ಮನೆಗಳಿಗಿಂತ ಪಾರ್ಥೇನಿಯಂ ಬೆಳೆದ ಸೈಟುಗಳೇ ಹೆಚ್ಚು. ನಮ್ಮ ಮನೆಯಲ್ಲಿ ನಾಲ್ಕೇ ಜನ. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮಾವ, ನಮ್ಮ ಚರ್ಚಿನ ಸ್ತ್ರೀ ಸಂಘದ ಕಾರ್ಯದರ್ಶಿಯಾಗಿದ್ದ ಅತ್ತೆ, ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಸಂಜೆಯೇ ಮುಖ ತೋರಿಸುತ್ತಿದ್ದ ನನ್ನ ಗಂಡ, ಮತ್ತು ನಾನು. ಐದನೆಯದಾಗಿ ಒಂದು ಡಬ್ಬ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅತ್ತೆಗೆ ಬೇಜಾರಾಗುತ್ತಿತ್ತು.

ಅದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳದ ಮೇಲೆ ಕೊಡೆ ಹಿಡಿದ ಒಬ್ಬ ದೊರೆಸಾನಿಯ ಚಿತ್ರವಿತ್ತು, ತಿಕ್ಕಿ ತಿಕ್ಕಿ ಅವಳ ಮೂಗು ಹೋಗಿತ್ತು. ಎಲ್ಲರೂ ಅದನ್ನು ಮಿಷನ್ ಡಬ್ಬ ಎನ್ನುತ್ತಿದ್ದರು. ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆದಾಗ, ತೊಳೆಯುವುದಕ್ಕೆ ಮೊದಲು, ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಕ್ಕೆ ಹಾಕಬೇಕು. ದೇವರ ಕೆಲಸಕ್ಕೆ ಅಂತ ಬೇರೆ ಅಕ್ಕಿ ಕೊಳ್ಳುವ ಹಾಗಿಲ್ಲ. ನಾವು ಉಣ್ಣುವುದರಲ್ಲೇ ಒಂದು ಹಿಡಿ ಕಡಿಮೆ ಉಣ್ಣಬೇಕು, ಅದು ಕ್ರಮ. ಚರ್ಚಿನ ಎಲ್ಲ ಮನೆಗಳಲ್ಲೂ ಇಂಥ ಡಬ್ಬ ಇತ್ತು. ಉತ್ತರದ ಯಾವುದೋ ಕಾಡುಸೀಮೆಯಲ್ಲಿ ಸುವಾರ್ತಾ ಸೇವೆ ಮಾಡುತ್ತಾ, ಮರದ ಕೆಳಗೆ ಶಾಲೆ ನಡೆಸುತ್ತಾ, ಜ್ವರಕ್ಕೆ ಮಾತ್ರೆ ಕೊಡುತ್ತಾ ಇದ್ದ ಗಂಡಹೆಂಡಿರಿಬ್ಬರ ಖರ್ಚು ಈ ಹಿಡಿ ಅಕ್ಕಿಯಿಂದಲೇ ನಡೆಯುತ್ತಿತ್ತು. ಅವರ ಕಾಗದ ಬಂದಾಗ ಅತ್ತೆ ಸಂಘದಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಮಾಡು ಸೋರುತ್ತಿದೆ, ಸೈಕಲ್ಲು ಕೆಟ್ಟಿದೆ, ಆದರೂ ದೇವರ ಕೃಪೆಯಿಂದ ಕ್ಷೇಮ ಎಂದು ಪ್ರತಿ ಕಾಗದದಲ್ಲೂ ಇರುತ್ತಿತ್ತು. ಅತ್ತೆಯ ದನಿ ಪ್ರತಿ ಸಲವೂ ಅದೇ ಜಾಗದಲ್ಲಿ ನಡುಗುತ್ತಿತ್ತು.

ಮೊದಲ ತಿಂಗಳು ನಾನು ಪ್ರಾಮಾಣಿಕವಾಗಿ ಹಿಡಿ ತುಂಬ ಹಾಕಿದೆ. ಹೊಸ ಸೊಸೆ, ಭಯಭಕ್ತಿ ಎರಡೂ ಇತ್ತು. ತಿಂಗಳ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರೆಲ್ಲ ತಂತಮ್ಮ ಡಬ್ಬ ತಂದು ಚರ್ಚಿನ ಮುಂದಿನ ಹೊಂಗೆಮರದ ಕೆಳಗೆ ಇಟ್ಟಿದ್ದ ಗೋಣಿಚೀಲಕ್ಕೆ ಸುರಿದರು. ಅಲ್ಲೇ ಹರಾಜು. ಕೂಗುವವರು ನಿವೃತ್ತ ಡ್ರಿಲ್ ಮೇಷ್ಟರು. ಅವರ ಗಂಟಲಿಗೆ ಹೆಬ್ಬಾಳದ ಕೆರೆಯ ಹಕ್ಕಿಗಳು ಏಳುತ್ತವೆ ಎಂದು ನನ್ನ ಗಂಡ ಹೇಳುತ್ತಿದ್ದರು. ಮೂಟೆಯನ್ನು ಯಾರಾದರೂ ಕೊಳ್ಳಬೇಕು, ಬಂದ ಹಣ ಕಾಡುಸೀಮೆಗೆ ಹೋಗಬೇಕು.

"ಯಾರ್ ಕೇಳ್ತೀರಿ? ಹೇಳಿ, ಹೇಳಿ!" ಎಂದರು ಡ್ರಿಲ್ ಮೇಷ್ಟರು.

ಯಾರೂ ಕೇಳಲಿಲ್ಲ. ಅಷ್ಟು ಹೊತ್ತು ಒಬ್ಬರ ಸೀರೆ ಒಬ್ಬರು ನೋಡುತ್ತಿದ್ದ ಹೆಂಗಸರು ಇದ್ದಕ್ಕಿದ್ದ ಹಾಗೆ ತಮ್ಮ ಚಪ್ಪಲಿ ನೋಡತೊಡಗಿದರು. ಗಂಡಸರು ಹೊಂಗೆಮರದ ಕೊಂಬೆ ಎಣಿಸಿದರು. ಆಗ ನನ್ನ ಪಕ್ಕದಿಂದ ಅತ್ತೆಯ ದನಿ ಸ್ಪಷ್ಟವಾಗಿ ಎದ್ದಿತು. ಅಂಗಡಿಯಲ್ಲಿ ಒಳ್ಳೆಯ ಅಕ್ಕಿಗೆ ಕೊಡುವುದಕ್ಕಿಂತ ಹೆಚ್ಚೇ ಹೇಳಿದರು. ಮೇಷ್ಟರು ಉಸಿರು ಬಿಡದೆ ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಮುಗಿಸಿದರು. ಎಲ್ಲರೂ ಚಪ್ಪಲಿಯಿಂದ ತಲೆ ಎತ್ತಿ ನಮ್ಮ ಕಡೆ ನೋಡಿ ನಕ್ಕರು. ನನ್ನ ಗಂಡ ಮೂಟೆಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿದರು. ಅವರ ಮುಖದಲ್ಲಿ ನಗು ಇರಲಿಲ್ಲ, ಏಕೆಂದರೆ ಅವರು ಆ ಅಕ್ಕಿಯನ್ನು ಉಂಡೇ ಬೆಳೆದವರು.

ಮಾರನೆಯ ದಿನ ಒಲೆಯ ಮೇಲೆ ಇಟ್ಟಾಗ ನನಗೆ ವಿಷಯ ತಿಳಿಯಿತು. ನಲವತ್ತು ಮನೆಗಳ ಅಕ್ಕಿ ಅದು. ರೇಷನ್ ಅಂಗಡಿಯ ದಪ್ಪಕ್ಕಿ, ಮಂಗಳೂರು ಕಡೆಯವರ ಕುಚ್ಚಲಕ್ಕಿ, ತಮಿಳರ ಮನೆಯ ಇಡ್ಲಿ ಅಕ್ಕಿ, ಹಳೇದು, ಹೊಸದು, ನುಚ್ಚು. ಸಣ್ಣಕ್ಕಿ ಕರಗಿ ಅಂಟಾಗುವ ಹೊತ್ತಿಗೆ ದಪ್ಪಕ್ಕಿ ಬಿಸಿ ಮಾತ್ರ ಆಗಿರುತ್ತಿತ್ತು. ದಪ್ಪಕ್ಕಿ ಬೇಯಲಿ ಎಂದು ಕಾದರೆ ಹೊಸಕ್ಕಿ ಗಂಜಿಯಾಗುತ್ತಿತ್ತು. ಕುಚ್ಚಲಕ್ಕಿ ಎರಡಕ್ಕೂ ಸಂಬಂಧವಿಲ್ಲದ ಹಾಗೆ ಒಂಟಿಯಾಗಿ ನಿಂತಿರುತ್ತಿತ್ತು. ಒಂದೇ ತುತ್ತಿನಲ್ಲಿ ಗಂಜಿ, ಅನ್ನ, ಕಲ್ಲು ಮೂರೂ ಸಿಗುತ್ತಿತ್ತು.

ಇನ್ನೂ ಮಜವೆಂದರೆ, ಆ ಮಿಷನ್ ಅಕ್ಕಿಯನ್ನು ಅಳೆಯುವಾಗಲೂ ಅದರಿಂದ ಒಂದು ಹಿಡಿ ಮಿಷನ್ ಡಬ್ಬಕ್ಕೆ ಹೋಗಬೇಕು! ಕೊಟ್ಟ ಅಕ್ಕಿ ಮೂಟೆಗೆ, ಮೂಟೆಯ ಅಕ್ಕಿ ನಮ್ಮ ಮನೆಗೆ, ನಮ್ಮ ಮನೆಯಿಂದ ಮತ್ತೆ ಡಬ್ಬಕ್ಕೆ. ಒಮ್ಮೆ ನನ್ನ ಗಂಡನ ಅಂಗಿಯ ನೀಲಿ ಗುಂಡಿಯೊಂದು ನನ್ನ ಕೈಜಾರಿ ಡಬ್ಬದಲ್ಲಿ ಬಿತ್ತು. ಮುಂದಿನ ತಿಂಗಳು ಅದು ಅವರ ತಟ್ಟೆಯಲ್ಲೇ ಸಿಕ್ಕಿತು. ಅವರು ಉಗುಳಿ, ತೊಳೆದು, ನನಗೆ ಕೊಟ್ಟು, "ಮಿಷನ್‌ಗೆ ಹೋಗ್ಬಂದಿದೆ, ಭದ್ರವಾಗಿ ಹೊಲಿ" ಎಂದರು. ನಾನು ಹೊಲಿಯಲಿಲ್ಲ. ಕುತೂಹಲಕ್ಕೆ ಮತ್ತೆ ಡಬ್ಬಕ್ಕೆ ಹಾಕಿದೆ. ಅದು ಮತ್ತೆ ಬಂತು.

ಎರಡನೆಯ ತಿಂಗಳಿಂದ ನನ್ನ ಹಿಡಿ ಸಡಿಲವಾಯಿತು. ಅತ್ತೆ ಬೆಳಿಗ್ಗೆ ನಡುಮನೆಯಲ್ಲಿ ಕನ್ನಡಕ ಹಾಕಿಕೊಂಡು ಬೈಬಲ್ ಓದುತ್ತಾ ಕೂರುತ್ತಿದ್ದರು. ಕಣ್ಣು ಪುಸ್ತಕದಲ್ಲಿ, ಕಿವಿ ಅಡುಗೆಮನೆಯಲ್ಲಿ. ಅಕ್ಕಿ ಡಬ್ಬಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಹಾಳೆ ತಿರುವುತ್ತಿದ್ದರು. ಅರ್ಧ ಹಿಡಿಯನ್ನೂ ಎತ್ತರದಿಂದ ಬಿಟ್ಟರೆ ಪೂರಾ ಹಿಡಿಯಷ್ಟು ಸದ್ದು ಮಾಡುತ್ತದೆ ಎಂದು ನಾನು ಕಂಡುಕೊಂಡೆ. ಕೈಯನ್ನು ತಲೆಯವರೆಗೂ ಎತ್ತಿ ಝಲ್ಲೆಂದು ಬಿಡುತ್ತಿದ್ದೆ. ದೇವರು ನೋಡುತ್ತಾನೆ ಎಂಬುದು ನನಗೂ ಗೊತ್ತಿತ್ತು. ಆದರೆ ದೇವರು ಅಡುಗೆಮನೆಗೆ ಬಂದು ವಿಚಾರಿಸುವುದಿಲ್ಲ, ಅತ್ತೆ ವಿಚಾರಿಸುತ್ತಾರೆ. ಮೂಟೆ ಮುಗಿದು ಅಂಗಡಿಯ ಸಣ್ಣಕ್ಕಿ ಮನೆಗೆ ಬರುತ್ತಿದ್ದ ದಿನಗಳಲ್ಲಿ ನಾನು ಉಳಿಸಿದ ಅರ್ಧ ಹಿಡಿ ಒಳ್ಳೆಯ ಅಕ್ಕಿ ಒಂದು ಹಳೆಯ ದಿಂಬಿನ ಚೀಲದಲ್ಲಿ ಸೇರತೊಡಗಿತು.

ಇದನ್ನೆಲ್ಲ ನಾನು ನನ್ನ ನಾಲಿಗೆಗಾಗಿ ಮಾಡಿದೆ ಎಂದುಕೊಳ್ಳಬೇಡಿ. ಅದೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ನನಗೆ ಸಂಕಟವಾಗುತ್ತಿದ್ದದ್ದು ಮಾವನನ್ನು ನೋಡಿ. ಅವರದು ಮಾತು ಕಡಿಮೆ. ಊಟಕ್ಕೆ ಕೂತರೆ ಬಾಯಿಗೆ ಸಿಕ್ಕ ಕಲ್ಲುಗಳನ್ನು ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು, ಗೂಡ್ಸ್ ಬೋಗಿ ನಿಲ್ಲಿಸಿದ ಹಾಗೆ. ಇದ್ದ ಹಲ್ಲುಗಳೇ ಕೆಲವು. ಬೇಯದ ಅಕ್ಕಿಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸುತ್ತಾ ತುಂಬ ಹೊತ್ತು ಕೂತಿರುತ್ತಿದ್ದರು. ಒಂದು ಸಲ ಯಲಹಂಕದಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಎಲೆಯ ಮೇಲೆ ಒಂದೇ ಜಾತಿಯ ಬಿಳಿ ಅನ್ನ ಬಿತ್ತು. ಮಾವ ಕಣ್ಣು ಮುಚ್ಚಿಕೊಂಡು ಉಂಡರು. ಪ್ರಾರ್ಥನೆ ಮಾಡುವಾಗಲೂ ಅವರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಈ ಮುದುಕರಿಗೆ ಸ್ವಂತ ಮನೆಯಲ್ಲಿ, ಸ್ವಂತ ತಟ್ಟೆಯಲ್ಲಿ ನೆಟ್ಟಗೆ ಬೆಂದ ಅನ್ನ ಸಿಗುವ ಹಾಗೆ ಮಾಡದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಗುರುವಾರ ಸಂಘದ ಕೂಟ. ಹನ್ನೊಂದಕ್ಕೆ ಹೋದರೆ ಅತ್ತೆ ಎರಡಕ್ಕೆ ಬರುತ್ತಿದ್ದರು. ಅವರು ಗೇಟು ದಾಟುವುದೇ ತಡ, ದಿಂಬಿನ ಚೀಲ ಹೊರಗೆ ಬರುತ್ತಿತ್ತು. ಸಣ್ಣ ಪಾತ್ರೆಯಲ್ಲಿ ಇಬ್ಬರಿಗಾಗುವಷ್ಟು ಅನ್ನ, ಅದರ ಮೇಲೆ ಬಿಸಿ ಸಾರು. ಮಾವ ಮೊದಲ ಗುರುವಾರ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಗೇಟು ನೋಡಿದರು. ಪೂರಾ ಉಂಡರು. ಉಂಡು, ಎಂದೂ ಇಲ್ಲದವರು ತಾವೇ ತಟ್ಟೆ ತೊಳೆದಿಟ್ಟರು. ನಲವತ್ತು ವರ್ಷ ರೈಲ್ವೆಯಲ್ಲಿದ್ದವರಿಗೆ ಸಾಕ್ಷಿ ಉಳಿಸಬಾರದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಗುರುವಾರ ಕೂಟ ಬೇಗ ಮುಗಿದು ಅತ್ತೆ ಒಂದು ಗಂಟೆಗೇ ಬಂದುಬಿಟ್ಟರು. ಪಾತ್ರೆಯ ತಳದಲ್ಲಿ ನಾಲ್ಕು ಅಗುಳು ಉಳಿದಿತ್ತು. ಅತ್ತೆ ಒಂದನ್ನು ಬೆರಳಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದರು.

"ಎಲ್ಲಾ ಒಂದೇ ಸಮ ಇದ್ಯಲ್ಲೇ. ಇದ್ಯಾವ ಅಕ್ಕಿ?"

"ಮಿಷನ್ ಅಕ್ಕೀನೇ ಅತ್ತೆ. ಕೂತ್ಕೊಂಡು ಒಂದೊಂದೇ ಆರಿಸ್ದೆ" ಎಂದೆ. ನಾಲಿಗೆ ಎಲ್ಲಿಂದ ಅಷ್ಟು ಬೇಗ ಹೊರಳಿತೋ ನನಗೆ ತಿಳಿಯದು.

ಅತ್ತೆ ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ತುಂಬಿತು. ಮುಂದಿನ ಗುರುವಾರ ನನ್ನನ್ನು ಕೂಟಕ್ಕೆ ಕರೆದುಕೊಂಡು ಹೋಗಿ, ನಮ್ಮ ಸೊಸೆಯ ತಾಳ್ಮೆ ನೋಡಿ ಎಂದು ಎಲ್ಲರ ಮುಂದೆ ಹೊಗಳಿ, ಮೊರದಲ್ಲಿ ಅಕ್ಕಿ ಕೊಟ್ಟು, ಹೇಗೆ ಆರಿಸುತ್ತೀ ತೋರಿಸು ಎಂದು ಕೂರಿಸಿದರು. ಹದಿನೆಂಟು ಹೆಂಗಸರ ಮುಂದೆ ನಾನು ಅರ್ಧ ಗಂಟೆ ಅಕ್ಕಿ ಆರಿಸಿದೆ. ಸುಳ್ಳಿಗೆ ಶಿಕ್ಷೆ ಪರಲೋಕದಲ್ಲಿ ಎನ್ನುತ್ತಾರೆ, ನನಗಂತೂ ಸಂಘದಲ್ಲೇ ಆಯಿತು. ಆಮೇಲೆ ಮನೆಯಲ್ಲೂ ದಿನಾ ಆರಿಸುವ ಕೆಲಸ ನನ್ನ ತಲೆಗೇ ಬಂತು.

ಹಾಗೆ ಹಿತ್ತಿಲಿನಲ್ಲಿ ಕೂತು ಆರಿಸುತ್ತಿದ್ದಾಗಲೇ ಪಕ್ಕದ ಮನೆಯ ಖಾಲಾ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದ್ದು. ಅವರ ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಅವರ ಯಜಮಾನರು ಮುಖ್ಯರಸ್ತೆಯಲ್ಲಿ ಒಂದು ಸಣ್ಣ ಹೋಟೆಲು ಇಟ್ಟಿದ್ದರು. ನನ್ನ ವಯಸ್ಸಿನ ಎಲ್ಲರಿಗೂ ಆಕೆ ಖಾಲಾ, ಎಂದರೆ ಚಿಕ್ಕಮ್ಮ.

"ಏನ್ ಬೇಟಿ ಇದು? ಅಕ್ಕಿನಾ, ಸಂತೆನಾ?" ಎಂದರು.

ನಾನು ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟೆ. ಡಬ್ಬ, ಮೂಟೆ, ಹರಾಜು, ಮಾವನ ಹಲ್ಲು, ಎಲ್ಲ. ಖಾಲಾ ಗೋಡೆಯ ಮೇಲೆ ಎರಡೂ ಕೈ ಊರಿಕೊಂಡು ನಕ್ಕರು. ಆಮೇಲೆ ಕೈಚಾಚಿ ಒಂದಷ್ಟು ಅಕ್ಕಿ ಇಸಕೊಂಡು, ಅಂಗೈಯಲ್ಲಿ ಉಜ್ಜಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದರು.

"ಅರೆ, ಇದನ್ನ ಯಾಕೆ ಬೇಯ್ಸ್ತೀರಾ? ಮಿಲ್‌ಗೆ ಹಾಕಿ. ಹಿಟ್ಟಾದ್ಮೇಲೆ ಯಾವುದು ದಪ್ಪ, ಯಾವುದು ಸಣ್ಣ? ನಮ್ಮ ಹೋಟೆಲಲ್ಲಿ ದಿನಾ ಬೆಳಿಗ್ಗೆ ಚಾವಲ್ ಕಿ ರೋಟಿ ಮಾಡ್ತಾರಲ್ಲ, ಅದಕ್ಕೆ ಇಂಥದೇ ಬೇಕು. ಹಳೇದೂ ಹೊಸದೂ ಸೇರಿದ್ರೆ ರೊಟ್ಟಿ ಒಡೆಯಲ್ಲ."

ನನ್ನ ಕೈಯಲ್ಲಿದ್ದ ಮೊರ ನಿಂತಿತು. ನಾನು ಎದ್ದು ಗೋಡೆಯ ಹತ್ತಿರ ಹೋದೆ.

"ಖಾಲಾ, ಹಾಗಾದ್ರೆ ಹರಾಜಿಗೆ ನೀವೇ ಬನ್ನಿ."

"ನಾನಾ? ನಿಮ್ಮ ಚರ್ಚ್‌ಗೆ?"

"ಒಳಗೆ ಬರೋದೇನ್ ಬೇಡ. ಮರದ ಕೆಳಗೆ ನಡೆಯೋದು. ಯಾರು ಬೇಕಾದ್ರೂ ಕೂಗ್ಬೋದು."

ಖಾಲಾ ಸ್ವಲ್ಪ ಯೋಚಿಸಿದರು. "ದುಡ್ಡು ಎಲ್ಲಿಗೆ ಹೋಗುತ್ತೆ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಲ್ಲಿ ಸುವಾರ್ತೆ ಸಾರುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ, ಕಾಯಿಲೆಗೆ ಮಾತ್ರೆ ಕೊಡುತ್ತಾರೆ.

"ಸಾರೋದು ನಿಮ್ಮವರ ಕೆಲಸ, ಅದು ನಂಗೆ ಬೇಡ. ಮಕ್ಕಳ ಪಾಠಕ್ಕೆ, ಮಾತ್ರೆಗೆ ಅಂತ ಮನಸಲ್ಲಿ ನೀಯತ್ ಮಾಡಿ ಕೊಡ್ತೀನಿ. ಹಿಡಿ ಹಿಡಿ ಕೂಡಿಸಿದ ಅಕ್ಕಿ, ಬರಕತ್ ಇರುತ್ತೆ. ಮೂಟೆ ಎಷ್ಟು ದೊಡ್ಡದು?" ಎಂದರು.

ಆ ತಿಂಗಳ ಕೊನೆಯ ಭಾನುವಾರ ಪಾದ್ರಿಗಳ ಪ್ರಸಂಗದ ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ. ಆರಾಧನೆ ಮುಗಿಸಿ ಹೊರಗೆ ಬಂದರೆ ಹೊಂಗೆಮರದ ನೆರಳಿನಲ್ಲಿ ಖಾಲಾ ಕಪ್ಪು ಬುರ್ಖಾ ಹಾಕಿಕೊಂಡು, ಮುಖದ ಪರದೆ ಮೇಲಕ್ಕೆ ಎಸೆದು, ತರಕಾರಿ ಚೀಲ ಹಿಡಿದು ನಿಂತಿದ್ದರು. ಅತ್ತೆ ಆಶ್ಚರ್ಯದಿಂದ ಮಾತಾಡಿಸಿದರು. ಈ ಕಡೆ ಬಂದಿದ್ದೆ, ಏನೋ ಜನ ಸೇರಿದಾರಲ್ಲ ಅಂತ ನಿಂತೆ ಎಂದರು ಖಾಲಾ. ನಾನು ಅತ್ತೆಯ ಬೆನ್ನ ಹಿಂದೆ ಹೋಗಿ ನಿಂತೆ. ಅಷ್ಟು ಅಮಾಯಕವಾದ ಮುಖವನ್ನು ನನ್ನ ಮದುವೆಯ ಫೋಟೋದಲ್ಲೂ ಮಾಡಿರಲಿಲ್ಲ.

ಡಬ್ಬಗಳು ಖಾಲಿಯಾದವು. ಡ್ರಿಲ್ ಮೇಷ್ಟರು ಕೂಗಿದರು. ಜನ ಚಪ್ಪಲಿ ನೋಡತೊಡಗಿದರು. ಅತ್ತೆ ಎಂದಿನಂತೆ ತಮ್ಮ ಮಾತು ಹೇಳಿದರು. ಮೇಷ್ಟರು ಎಂದಿನಂತೆ ಒಂದೇ ಉಸಿರಿಗೆ ಮುಗಿಸಲು ಬಾಯಿ ತೆರೆದರು. ಆಗ ಖಾಲಾ ಒಂದು ಬೆರಳು ಎತ್ತಿ ಅದಕ್ಕಿಂತ ಹೆಚ್ಚು ಹೇಳಿದರು.

ಚಪ್ಪಲಿ ನೋಡುತ್ತಿದ್ದ ನಲವತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ಮೇಷ್ಟರು ಬಾಯಿ ಮುಚ್ಚುವುದನ್ನು ಮರೆತರು. ಆ ಹರಾಜಿನಲ್ಲಿ ಎರಡನೆಯ ಕೂಗು ಬಂದದ್ದು ಅದೇ ಮೊದಲು. ಅತ್ತೆ ಖಾಲಾ ಕಡೆ ತಿರುಗಿ ನೋಡಿ, ಸ್ವಲ್ಪ ಹೆಚ್ಚಿಸಿದರು. ಖಾಲಾ ಮತ್ತೆ ಬೆರಳು ಎತ್ತಿದರು. ಮೀನು ಮಾರ್ಕೆಟ್ಟಿನಲ್ಲಿ ಇಪ್ಪತ್ತು ವರ್ಷ ಚೌಕಾಸಿ ಮಾಡಿದ ಬೆರಳು ಅದು, ಅಲ್ಲಾಡಲಿಲ್ಲ. ಮೇಷ್ಟರಿಗೆ ಈಗ ಹುರುಪು ಬಂತು. "ಒಂ...ದ್ ಸಾರಿ" ಎಂದು ಎಳೆದು, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಮರದ ಮೇಲೊಂದು ಕಾಗೆ ನೋಡಿ, ಆಮೇಲೆ "ಎರ...ಡ್ ಸಾರಿ" ಎಂದರು. ಅತ್ತೆ ಮತ್ತೆ ಹೆಚ್ಚಿಸಿದರು. ಖಾಲಾ ಮತ್ತೆ. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ನನ್ನ ಗಂಡ ಕೈಯಲ್ಲಿ ಹಗ್ಗ ಹಿಡಿದುಕೊಂಡು, ಜೀವನದಲ್ಲಿ ಮೊದಲ ಸಲ ದೇವರು ತನ್ನ ಪ್ರಾರ್ಥನೆ ಕೇಳಿದನೇನೋ ಎಂಬಂತೆ ನಿಂತಿದ್ದರು.

ಅತ್ತೆಯ ಬಾಯಿ ಇನ್ನೊಂದು ಸಲ ತೆರೆಯಿತು. ಹಾಗೇ ಮುಚ್ಚಿತು. ಅವರ ಕೈಚೀಲದಲ್ಲಿ ಅದಕ್ಕಿಂತ ಹೆಚ್ಚಿರಲಿಲ್ಲ. ಮೂರು ಸಾರಿ ಎಂಬ ಕೂಗಿಗೆ ಜನ ಚಪ್ಪಾಳೆ ತಟ್ಟಿದರು. ಅತ್ತೆ ಖಾಲಾ ಹತ್ತಿರ ಹೋಗಿ, "ದೇವರು ನಿಮ್ಗೆ ಒಳ್ಳೇದು ಮಾಡ್ಲಿ. ಕಾಡುಸೀಮೆಯವರಿಗೆ ಈ ತಿಂಗಳು ತುಂಬಾ ಅನುಕೂಲ ಆಗುತ್ತೆ" ಎಂದರು. ಅವರ ದನಿ ಕಾಗದ ಓದುವಾಗ ನಡುಗುವ ಹಾಗೆ ನಡುಗಿತು. ನಾನು ಗಮನಿಸಿದೆ, ಆದರೆ ಗೆದ್ದ ಖುಷಿಯಲ್ಲಿದ್ದೆ.

ಮಧ್ಯಾಹ್ನ ಅಂಗಡಿಯಿಂದ ತಂದ ಸಣ್ಣಕ್ಕಿಯ ಅನ್ನ, ಭಾನುವಾರದ ಮಟನ್ ಸಾರು. ನನ್ನ ಗಂಡ ಮೂರು ಸಲ ಬಡಿಸಿಕೊಂಡರು. ಮಾವ ಎರಡು ಸಲ. ಅತ್ತೆ ಒಂದು ಮುದ್ದೆ ಮುರಿದು ಉಂಡು, ಅನ್ನ ಬೇಡ ಎಂದು ಎದ್ದರು. ಸೋಮವಾರವೂ ಅನ್ನ ಬೇಡ. ಮಂಗಳವಾರವೂ. ಸೋತ ಸಿಟ್ಟು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಬುಧವಾರ ಬೆಳಿಗ್ಗೆ ನೋಡಿದರೆ, ಹಿತ್ತಿಲ ಮೆಟ್ಟಿಲ ಮೇಲೆ ಮಿಷನ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಆ ದೊರೆಸಾನಿಯ ಮೂಗಿಲ್ಲದ ಮುಖವನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕೂತು ಎಲ್ಲ ಒಪ್ಪಿಕೊಂಡೆ. ಖಾಲಾ ತಾನಾಗಿ ಬಂದದ್ದಲ್ಲ, ನಾನೇ ಕರೆದದ್ದು ಎಂದೆ. ಅರ್ಧ ಹಿಡಿಯ ವಿಷಯವನ್ನೂ ಹೇಳಿದೆ. ಗುರುವಾರದ್ದನ್ನು ಮಾತ್ರ ಹೇಳಲಿಲ್ಲ, ಅದರಲ್ಲಿ ಮಾವನೂ ಪಾಲುದಾರರು.

ಅತ್ತೆಗೆ ಸಿಟ್ಟು ಬರಲಿಲ್ಲ. ಡಬ್ಬವನ್ನು ಮೆಟ್ಟಿಲ ಮೇಲಿಟ್ಟು ಹೇಳಿದರು.

"ನಾನು ಬೋರ್ಡಿಂಗ್ ಶಾಲೇಲಿದ್ದಾಗ ಉತ್ತರದಿಂದ ಒಬ್ಬ ಮಿಷನರಿ ಅಮ್ಮ ಬಂದಿದ್ರು ಕಣೇ. ಹಿಮ್ಮಡಿ ಎಲ್ಲಾ ಒಡೆದುಹೋಗಿತ್ತು ಅವರಿಗೆ. ನನ್ನ ಜೊತೆ ಕೆಲಸಕ್ಕೆ ಯಾರ್ ಬರ್ತೀರಾ ಅಂತ ಕೇಳಿದ್ರು. ಮೂರು ಜನ ಕೈ ಎತ್ತಿದ್ವಿ. ಆಗ ಅವರು, ಅಲ್ಲಿ ನಮಗೆ ಅಂತ ಅಡುಗೆ ಇರಲ್ಲ, ಹತ್ತು ಮನೆಯವರು ಒಂದೊಂದು ಹಿಡಿ ಕೊಡ್ತಾರೆ, ಎಲ್ಲಾ ಒಂದೇ ಮಡಕೇಲಿ ಬೇಯ್ಸ್ತೀವಿ, ಅರ್ಧ ಬೆಂದಿರುತ್ತೆ ಅರ್ಧ ಬೆಂದಿರಲ್ಲ, ತಿಂತೀರಾ ಅಂದ್ರು. ಇಬ್ರು ಕೈ ಇಳಿಸಿದ್ರು." ಇಲ್ಲಿ ಅತ್ತೆ ನಕ್ಕರು. "ನಾನು ಇಳಿಸ್ಲಿಲ್ಲ. ತಿಂತೀನಿ ಅಂದೆ."

"ಆಮೇಲೆ?"

"ಜೂನ್‌ಗೆ ಹೊರಟು ಬಾ ಅಂತ ಕಾಗದ ಬಂತು. ಮೇ ತಿಂಗಳಲ್ಲಿ ಅಪ್ಪ ಮದುವೆ ಮಾಡಿದ್ರು. ಹೋಗೋಕಂತೂ ಆಗ್ಲಿಲ್ಲ. ತಿಂತೀನಿ ಅಂದಿದ್ನಲ್ಲ, ಅದನ್ನಾದ್ರೂ ಮಾಡೋಣ ಅಂತ."

ನನಗೆ ನಾಚಿಕೆಯಾಯಿತು. ಮೂವತ್ತೈದು ವರ್ಷ ಈಕೆ ಯಾರಿಗೂ ಹೇಳದೆ, ಬೆಂಗಳೂರಿನ ಅಡುಗೆಮನೆಯಲ್ಲಿ ಕೂತು ಕಾಡುಸೀಮೆಯ ಊಟ ಉಂಡಿದ್ದರು. ನಾನು ಅದನ್ನು ಹರಾಜಿನಲ್ಲಿ ಕಿತ್ತುಕೊಂಡು ಮಟನ್ ಸಾರು ಮಾಡಿದ್ದೆ. ಎದ್ದು ಕಾಂಪೌಂಡಿನ ಹತ್ತಿರ ಓಡಿದೆ.

"ಖಾಲಾ! ಅಕ್ಕಿ ಮಿಲ್‌ಗೆ ಹೋಯ್ತಾ?"

ಅರ್ಧ ಹೋಗಿತ್ತು, ಅರ್ಧ ಇತ್ತು. ನಾನು ಏದುಸಿರು ಬಿಡುತ್ತಾ ಹೇಳಿದ್ದನ್ನು ಕೇಳಿ ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನಗೆ ಬೈದರು. "ಮೊದ್ಲೇ ಕೇಳ್ಬಾರ್ದಾ ಅತ್ತೆಯನ್ನ? ನೀನೂ ಒಂದು ಸೊಸೆ! ನಾನು ಅಷ್ಟೊಂದು ಕೂಗಿ ಆಕೆ ಹತ್ರ ಕಿತ್ಕೊಂಡೆನಲ್ಲ." ಒಂದು ದೊಡ್ಡ ಪಾತ್ರೆ ತುಂಬ ಬೆರಕೆ ಅಕ್ಕಿ ಗೋಡೆಯ ಮೇಲಿಟ್ಟರು. ಪ್ರತಿ ತಿಂಗಳೂ ಮೂಟೆ ತಾನೇ ಕೊಳ್ಳುವುದು, ಒಂದು ಪಾತ್ರೆ ಅತ್ತೆಗೆ ಬರುವುದು ಎಂದು ಅಲ್ಲೇ ತೀರ್ಮಾನ ಮಾಡಿದರು. ಮುಂದೆ ನಾವು ಆ ಮನೆ ಬಿಡುವವರೆಗೂ ಹಾಗೇ ನಡೆಯಿತು.

ಅಂದು ಮಧ್ಯಾಹ್ನ ನಾನು ಎರಡು ಪಾತ್ರೆ ಇಟ್ಟೆ. ಒಂದರಲ್ಲಿ ಸಣ್ಣಕ್ಕಿ, ಒಂದರಲ್ಲಿ ಬೆರಕೆ. ಆರಿಸಲಿಲ್ಲ. ಅತ್ತೆಯ ತಟ್ಟೆಗೆ ಬೆರಕೆ ಅನ್ನ ಹಾಕಿದಾಗ ಅವರು ನನ್ನ ಕೆನ್ನೆ ಮುಟ್ಟಿದರು. ಆಮೇಲೆ ನೀರು ತರಲು ಒಳಗೆ ಹೋದರು. ನಾನು ಸಣ್ಣಕ್ಕಿಯ ಪಾತ್ರೆ ಹಿಡಿದು ಮಾವನ ಹತ್ತಿರ ಬಂದೆ. ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ನಂಗೂ ಅದೇ ಹಾಕಮ್ಮ."

"ಮಾವ, ನಿಮ್ಗೋಸ್ಕರ ತಾನೇ ನಾನು ಇಷ್ಟೆಲ್ಲಾ..."

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಹೆಣ್ಣು ನೋಡೋಕೆ ಹೋದಾಗ ಇವಳಪ್ಪ ಮಿಷನ್‌ನಿಂದ ಇವಳಿಗೆ ಬಂದಿದ್ದ ಕಾಗದ ತೋರ್ಸಿದ್ರು. ಹುಡುಗಿಗೆ ಮಿಷನ್ ಹುಚ್ಚು, ಮದುವೆ ಆದ್ರೆ ಬಿಟ್ಟೋಗುತ್ತೆ ಅಂದ್ರು. ಹುಡುಗಿ ಚೆನ್ನಾಗಿದ್ಲು, ನಾನು ಹೂಂ ಅಂದೆ. ಬಿಡ್ಲಿಲ್ಲ ಕಣಮ್ಮ. ಅವಳು ಹೋಗದೆ ಇದ್ದಿದ್ದು ನನ್ನಿಂದ. ಜೊತೇಲಿ ಕೂತು ತಿನ್ನೋದಷ್ಟೇ ನನ್ನ ಕೈಲಾಗಿದ್ದು."

ಸೌಟು ನನ್ನ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಾ ಕೂತಿದ್ದ ಆ ಮುದುಕರನ್ನು ಪಾಪದವರೆಂದು ತಿಳಿದು ನಾನು ಬಿಡಿಸಲು ಹೊರಟಿದ್ದೆ. ಅತ್ತೆ ಚೊಂಬು ಹಿಡಿದು ಬರುವ ಬಳೆಯ ಸದ್ದಾಯಿತು. ಮಾವ ಬೇಗಬೇಗ ಪಿಸುಗುಟ್ಟಿದರು.

"ಗುರುವಾರದ್ದು ಮಾತ್ರ ನಿಲ್ಲಿಸ್ಬೇಡ."

ಅವರ ತಟ್ಟೆಗೆ ಬೆರಕೆ ಅನ್ನ ಬಡಿಸಿದೆ. ನಾನು ಸಣ್ಣಕ್ಕಿಯನ್ನೇ ಉಂಡೆ. ತಿಂತೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಕ್ಕಿ ಅಳೆದು, ನನ್ನ ಕೈ ಚಿಕ್ಕದು ಎಂದು ಎರಡು ಹಿಡಿ ತೆಗೆದೆ. ಕೈಯನ್ನು ಡಬ್ಬದೊಳಗೆ ತಳದವರೆಗೂ ಇಳಿಸಿ, ಒಂದು ಕಾಳೂ ಚೆಲ್ಲದ ಹಾಗೆ ಮೆಲ್ಲಗೆ ಬಿಟ್ಟೆ. ನಡುಮನೆಯಲ್ಲಿ ಹಾಳೆ ತಿರುವುವ ಸದ್ದು ಕೇಳಲಿಲ್ಲ.

"ಯಾಕೇ, ಇವತ್ತು ಮಿಷನ್ ಅಕ್ಕಿ ಹಾಕ್ಲಿಲ್ವಾ?" ಎಂದು ಅತ್ತೆ ಕೂಗಿದರು.

"ಹಾಕಿದೀನಿ ಅತ್ತೆ."

"ಸದ್ದೇ ಬರ್ಲಿಲ್ಲ."